ಕಾರ್ನ್ ಪಫ್ ಪ್ಯಾಕೆಟ್ ಒಡೆದರೆ ಕೈ ಯಾಕೆ ನಿಲ್ಲುವುದಿಲ್ಲ?

ಸವಿತಾ_ಹಾಸನ:
ಮಗನಿಗೆ ಒಂಬತ್ತು ವರ್ಷ. ಒಂದು ಅಕ್ಕಿರೊಟ್ಟಿ ತಿನ್ನಿಸಲು ಅರ್ಧ ಗಂಟೆ ಬೇಕು. ಕಾರ್ನ್ ಪಫ್ ಆದರೆ ಐದೇ ನಿಮಿಷ, ಇನ್ನೊಂದು ಪ್ಯಾಕೆಟ್ಟಿಗೆ ಹಟ. "ನೀನೇ ಮುದ್ದು ಮಾಡಿ ಕೆಡಿಸಿದೆ" ಅಂತಾರೆ ಅತ್ತೆ. ಆದರೆ ನನ್ನ ಕೈಯೂ ಅಲ್ಲಿಗೇ ಹೋಗುತ್ತದೆ! ಅದಕ್ಕೆ ಏನಾದರೂ ಹಾಕಿರ್ತಾರಾ?

ಹಳೇ_ಶಿಫ್ಟ್_ಇನ್‌ಚಾರ್ಜ್:
ಮೇಡಂ, ಕುರುಕಲು ತಿಂಡಿ ಫ್ಯಾಕ್ಟರಿಯಲ್ಲೇ ಇದ್ದವನು ನಾನು. ಮದ್ದು ಗಿದ್ದು ಏನೂ ಹಾಕುವುದಿಲ್ಲ. ಮುಸುಕಿನ ಜೋಳದ ರವೆಗೆ ಚೂರು ನೀರು ಬೆರೆಸಿ, ಹಿಟ್ಟನ್ನು ಒತ್ತಿ ಹೊರತಳ್ಳುವ ಯಂತ್ರವಾದ ಎಕ್ಸ್‌ಟ್ರೂಡರ್‌ಗೆ ಬಿಡುತ್ತಾರೆ. ಒಳಗೆ ಬಿಸಿಯೂ ಜೋರು, ಒತ್ತಡವೂ ಜೋರು. ಸಣ್ಣ ತೂತಿನಿಂದ ಹೊರಬಿದ್ದ ಕೂಡಲೇ ನೀರು ಆವಿಯಾಗಿ ಹಿಟ್ಟು ಬುಸ್ಸೆಂದು ಉಬ್ಬುತ್ತದೆ. ಆಮೇಲೆ ತಿರುಗುವ ಡ್ರಮ್ಮಿನಲ್ಲಿ ಎಣ್ಣೆ ಸಿಂಪಡಿಸಿ ಮಸಾಲೆ ಪುಡಿ ಉದುರಿಸುತ್ತಾರೆ. ಆಟ ಇರುವುದು ಇಲ್ಲೇ. ಉಪ್ಪು, ಹುಳಿ, ಸಕ್ಕರೆ ಎಲ್ಲ ಹೊರಮೈಯಲ್ಲೇ, ನಾಲಿಗೆಗೆ ತಾಗಿದ ತಕ್ಷಣ ರುಚಿ. ಒಳಗೆ ಬರೀ ಗಾಳಿ. ಅಗಿಯುವ ಮೊದಲೇ ಕರಗುತ್ತದೆ, ಹೊಟ್ಟೆ ಸಾಕು ಅನ್ನುವಷ್ಟರಲ್ಲಿ ಪ್ಯಾಕೆಟ್ ಖಾಲಿ. ಅಮೆರಿಕದ ಆಹಾರ ವಿಜ್ಞಾನಿ ಸ್ಟೀವನ್ ವಿದರ್ಲಿ ಚೀಟೋಸ್ ಎಂಬ ಇಂಥದ್ದೇ ಕಾರ್ನ್ ಪಫ್ ಬಗ್ಗೆ ಹೇಳಿದ್ದೂ ಇದನ್ನೇ: ತಿಂದದ್ದು ಬೇಗ ಕರಗಿದರೆ ಅದರಲ್ಲಿ ಕ್ಯಾಲೊರಿಯೇ ಇಲ್ಲ ಅಂದುಕೊಳ್ಳುತ್ತದೆ ಮಿದುಳು.

ಮಲ್ನಾಡ್_ಮಂಜ:
ನಮ್ಮ ಕೋಡುಬಳೆಯಲ್ಲೂ ಎಣ್ಣೆ, ಉಪ್ಪು ಇಲ್ವಾ? ಸುಮ್ನೆ ಕಂಪನಿ ಮೇಲೆ ಹಾಕ್ತೀರಿ. ಕೊಡಿಸುವವರು ನಾವೇ ಅಲ್ವಾ?

ಹಳೇ_ಶಿಫ್ಟ್_ಇನ್‌ಚಾರ್ಜ್:
ಕೋಡುಬಳೆಯನ್ನು ಕಟಕಟ ಕಡಿಯಬೇಕು ಮಂಜಣ್ಣ. ನಾಲ್ಕು ತಿಂದರೆ ದವಡೆಯೇ ಸಾಕು ಅನ್ನುತ್ತದೆ. ಉಪ್ಪು, ಎಣ್ಣೆಯಷ್ಟೇ ಕಾರಣವಲ್ಲ ಅನ್ನಲು ಒಂದು ಪ್ರಯೋಗವೂ ಇದೆ. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಒಳಗೇ ಇರಿಸಿಕೊಂಡು ಎರಡು ವಾರ ಫ್ಯಾಕ್ಟರಿ ಆಹಾರ, ಎರಡು ವಾರ ಸಾದಾ ಅಡುಗೆ ಬಡಿಸಿತು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಹೆಚ್ಚುಕಮ್ಮಿ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಫ್ಯಾಕ್ಟರಿ ಆಹಾರದ ದಿನಗಳಲ್ಲಿ ಅವರೇ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ತಿನ್ನುವ ವೇಗವೂ ಜಾಸ್ತಿ. ಎರಡೇ ವಾರಕ್ಕೆ ತೂಕ ಸರಾಸರಿ 0.9 ಕಿಲೋ ಏರಿತು. ಇದು 2019ರಲ್ಲಿ ಪ್ರಕಟವಾಯಿತು. ಅವರೆಲ್ಲ ದೊಡ್ಡವರು, ಯಾರೂ ಮುದ್ದು ಮಾಡಿ ಕೆಡಿಸಿದವರಲ್ಲ.

ಸವಿತಾ_ಹಾಸನ:
ಸರಿ ಸರ್, ಬಿಡಿಸುವುದು ಹೇಗೆ?

ಹಳೇ_ಶಿಫ್ಟ್_ಇನ್‌ಚಾರ್ಜ್:
ಪೂರ್ತಿ ನಿಲ್ಲಿಸಿದರೆ ಕದ್ದು ಅಂಗಡಿಗೆ ಹೋಗುತ್ತಾನೆ. ಹಸಿದಾಗ ಕೊಡಬೇಡಿ. ಊಟ ಆದ ಮೇಲೆ ಬಟ್ಟಲಿಗೆ ಒಂದು ಹಿಡಿ ಸುರಿದು, ಪ್ಯಾಕೆಟ್ ಬಾಯಿ ಕಟ್ಟಿ ಅಟ್ಟದ ಮೇಲಿಡಿ. ಪ್ಯಾಕೆಟ್ಟೇ ಕೈಗೆ ಸಿಕ್ಕರೆ ತಳ ಕಾಣುವವರೆಗೆ ಅವನೂ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ.