ವಿಷಯ: ‘ನೀರಗಂಟಿ’, ‘ನೀರುಗಂಟಿ’, ‘ಜಲದ್ವಾರ ನಿರ್ವಾಹಕ’ – ಕೆರೆಯ ಫಲಕಕ್ಕೆ ಯಾವುದು?

ಮಾನ್ಯರೇ,

ಕೋಲಾರ ಜಿಲ್ಲೆಯ ನಮ್ಮ ಊರಿನಲ್ಲಿ ಕೆರೆಯ ಹೂಳೆತ್ತುವ ಕೆಲಸ ಮುಗಿದಿದ್ದು, ಏರಿಯ ಮೇಲೆ ಕೆರೆಯ ಇತಿಹಾಸವನ್ನು ತಿಳಿಸುವ ಫಲಕವೊಂದನ್ನು ನಿಲ್ಲಿಸಲಿದ್ದೇವೆ. ಫಲಕ ಬರೆಯುವವರು ಶುಕ್ರವಾರ ಬೆಳಿಗ್ಗೆ ಬರುತ್ತಾರೆ. ಹಿಂದೆ ತೂಬನ್ನು ತೆಗೆದು, ಮುಚ್ಚಿ, ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದವರ ಬಗ್ಗೆ ಅದರಲ್ಲಿ ಎರಡು ಸಾಲುಗಳಿವೆ. ಇಂಗ್ಲಿಷ್ ಕರಡನ್ನು ಅನುವಾದಿಸಿದವರು ‘ಜಲದ್ವಾರ ನಿರ್ವಾಹಕ’ ಎಂದು ಬರೆದಿದ್ದಾರೆ. ಊರಿನ ಹಿರಿಯರು ‘ನೀರಗಂಟಿ’ ಎನ್ನುತ್ತಾರೆ, ಪತ್ರಿಕೆಗಳಲ್ಲಿ ‘ನೀರುಗಂಟಿ’ ಎಂದು ಕಾಣುತ್ತದೆ. ಪಂಚಾಯಿತಿಯ ನಲ್ಲಿ ನೀರು ಬಿಡುವ ವಾಟರ್‌ಮನ್‌ಗೂ ಈಗ ಅದೇ ಮಾತು ಬಳಕೆಯಾಗುವುದರಿಂದ ಓದುವವರು ತಪ್ಪು ತಿಳಿಯಬಹುದೆಂದು ಸಮಿತಿಯ ಸದಸ್ಯರೊಬ್ಬರು ಆಕ್ಷೇಪಿಸಿದ್ದಾರೆ. ಯಾವ ಪದವನ್ನು, ಯಾವ ರೂಪದಲ್ಲಿ ಬರೆಸಬೇಕೆಂದು ಗುರುವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ:

‘ಜಲದ್ವಾರ ನಿರ್ವಾಹಕ’ ಎಂಬುದು ಕನ್ನಡವೇ ಅಲ್ಲ, ಅದನ್ನು ಚರ್ಚಿಸುವ ಅಗತ್ಯವಿಲ್ಲ. ಆದರೆ ‘ನೀರುಗಂಟಿ’ಯೂ ಬೇಡ. ಅದರಲ್ಲಿರುವ ‘ಗಂಟಿ’ ಸಂಸ್ಕೃತದ ‘ಘಂಟಾ’ದಿಂದ ಬಂದದ್ದು, ಸರದಿ ಮುಗಿದಾಗ ಗಂಟೆ ಬಾರಿಸುತ್ತಿದ್ದವನು ಎಂಬುದೇ ಅದರ ಅರ್ಥ. ನಮ್ಮದೇ ಬೇರುಗಳಿಂದ ಪದ ಕಟ್ಟಲು ಬರುವಾಗ ಎರವಲಿನ ಹಂಗು ಏಕೆ? ‘ನೀರಾಳು’ ಎಂದು ಬರೆಸಿರಿ. ಯಾರಿಗೂ ಗೊಂದಲವಾಗುವುದಿಲ್ಲ.

ಉತ್ತರ:

ಗಂಟೆಗೂ ಈ ಪದಕ್ಕೂ ಸಂಬಂಧವಿಲ್ಲ. ನಮ್ಮ ಕಡೆ ಬೆಳೆಗೆ ನೀರು ಹಾಯಿಸುವುದಕ್ಕೆ ‘ನೀರು ಕಟ್ಟುವುದು’ ಎಂದೇ ಹೇಳುತ್ತೇವೆ, ‘ಅಪ್ಪ ಎಲ್ಲಿ?’ ಎಂದು ಕೇಳಿದರೆ ‘ಗದ್ದೆಗೆ ನೀರು ಕಟ್ಟಲು ಹೋಗಿದ್ದಾನೆ’ ಎಂಬ ಉತ್ತರ ಬರುತ್ತದೆ. ತಮಿಳುನಾಡಿನ ಕೆರೆಗಳಲ್ಲಿ ಇದೇ ಕೆಲಸ ಮಾಡುವವನ ಹೆಸರು ‘ನೀರ್ಕಟ್ಟಿ’. ಕಕಾರಕ್ಕೆ ಗಕಾರ ಆದೇಶವಾಗಿ, ನಡುವೆ ಅನುನಾಸಿಕ ಸೇರಿ ನಮ್ಮಲ್ಲಿ ‘ಗಂಟಿ’ ಆಗಿದೆ ಎಂಬುದು ನನ್ನ ತರ್ಕ. ಹಾಗಾದರೆ ಇದು ತಮಿಳಿನ ಎರವಲು ಎಂದು ಈಗ ಇನ್ನೊಬ್ಬರು ಏಳುತ್ತಾರೆಂಬುದು ನನಗೆ ಗೊತ್ತಿದೆ. ನೀರು, ಕಟ್ಟು, ತೂಬು ಈ ಮೂರೂ ಎರಡೂ ಭಾಷೆಗಳಿಗೆ ಹುಟ್ಟಿನಿಂದ ಬಂದ ಸೊತ್ತು, ಅವುಗಳಲ್ಲಿ ಸಾಲ ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ. ಮದಗ ಎಂಬ ಮಾತನ್ನೇ ನೋಡಿ: ತಮಿಳಿನಲ್ಲಿ ‘ಮದಗು’ ಎಂದರೆ ತೂಬು, ನಮ್ಮಲ್ಲಿ ಅದು ಮದಗದ ಕೆರೆ, ಮದಗ ಮಾಸೂರು ಎಂದು ಕೆರೆಗೂ ಊರಿಗೂ ಹೆಸರಾಗಿ ನಿಂತಿದೆ.

‘ನೀರಾಳು’ ಎಂಬ ಸಲಹೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನೀರಗಂಟಿ ಯಾರದೋ ಆಳಾಗಿರಲಿಲ್ಲ, ಊರಿನ ಆಯಗಾರರಲ್ಲಿ, ಅಂದರೆ ಊರಿನ ಕೆಲಸಕ್ಕೆ ಪ್ರತಿಯಾಗಿ ಬೆಳೆಯಲ್ಲಿ ಪಾಲು ಪಡೆಯುವವರಲ್ಲಿ, ಒಬ್ಬನಾಗಿದ್ದ. 1810ರಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸಗ್ರಂಥದಲ್ಲಿ ಮೈಸೂರು ಸೀಮೆಯ ಹಳ್ಳಿಗಳ ಹನ್ನೆರಡು ಆಯಗಾರರನ್ನು ಹೆಸರಿಸುವಾಗ ಗೌಡ, ಶಾನುಭೋಗ, ತಳವಾರ, ತೋಟಿಯರ ಜೊತೆಗೆ ನೀರಗಂಟಿಯನ್ನೂ ಹೇಳಿದ್ದಾನೆ. ಅನೇಕ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳಲ್ಲಿ ತಲೆಮಾರುಗಳಿಂದ ನಡೆದುಬಂದಿತ್ತು. ಮುಳಬಾಗಿಲು ಕಡೆಯ ನಮ್ಮ ಊರಿನಲ್ಲಿ ನಾನು ಬಾಲ್ಯದಲ್ಲಿ ಕಂಡ ನೀರಗಂಟಿ ಕಂಬಳಿ ಹೊದ್ದು, ಗುದ್ದಲಿ ಹೆಗಲಿಗೇರಿಸಿ ರಾತ್ರಿಯೆಲ್ಲ ಕಾಲುವೆಯ ಉದ್ದಕ್ಕೂ ತಿರುಗುತ್ತಿದ್ದರು. ಒಬ್ಬರ ಮಡೆಯನ್ನು, ಅಂದರೆ ಗದ್ದೆಗೆ ನೀರು ಹೋಗುವ ಬಾಯಿಯನ್ನು, ಹೆಂಟೆಮಣ್ಣಿನಿಂದ ಕಟ್ಟಿ, ಕಾಲಿನಿಂದ ತುಳಿದು ಬಿಗಿಮಾಡಿ, ಆಮೇಲೆ ಮುಂದಿನವರ ಮಡೆ ತೆಗೆಯುತ್ತಿದ್ದರು. ಕೆರೆ ತುಂಬಿದ್ದಾಗ ತೂಬಿನ ಕಲ್ಲುಕಂಬಗಳ ನಡುವೆ ನೀರಿಗಿಳಿದು, ಉಸಿರು ಕಟ್ಟಿ ಮುಳುಗಿ, ಸಿಕ್ಕಿಕೊಂಡ ಕಸವನ್ನು ಕೈಯಿಂದ ಬಿಡಿಸಿದ್ದನ್ನೂ ನೋಡಿದ್ದೇನೆ. ಸುಗ್ಗಿಯಲ್ಲಿ ಕಣಕ್ಕೆ ಬಂದಾಗ ರಾಶಿಯಿಂದ ಅವರ ಪಾಲನ್ನು ಅಳೆದುಕೊಡಲೇಬೇಕಾಗಿತ್ತು. ಅದು ಹಕ್ಕಾಗಿತ್ತೇ ಹೊರತು ದಾನವಾಗಿರಲಿಲ್ಲ. ಅವರ ಸ್ವಂತ ಗದ್ದೆ ಆ ಅಚ್ಚುಕಟ್ಟಿನಲ್ಲಿ ಇಲ್ಲದಿದ್ದುದರಿಂದಲೇ ಅವರ ಹಂಚಿಕೆಯನ್ನು ಊರಿನವರೆಲ್ಲ ಒಪ್ಪುತ್ತಿದ್ದರು ಎಂದು ನಮ್ಮಜ್ಜ ಹೇಳುತ್ತಿದ್ದರು.

ಪದದ ರೂಪಕ್ಕೆ ನಿಮ್ಮ ಕೈಯಲ್ಲೇ ಆಧಾರವಿದೆ. ಗ್ರಾಮಸೇವೆಗೆ ಪ್ರತಿಯಾಗಿ ಇಂಥ ಕುಟುಂಬಗಳು ಇನಾಮು ಭೂಮಿಯನ್ನು ಅನುಭವಿಸುತ್ತಿದ್ದವು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯ ನಂತರ ಅವುಗಳ ಮರುಮಂಜೂರಾತಿ ನಡೆಯಿತು. ನಿಮ್ಮ ಊರಿನ ಹಳೆಯ ಪಹಣಿಗಳನ್ನು ತೆಗೆಸಿ ನೋಡಿದರೆ ಯಾವುದಾದರೊಂದು ಸರ್ವೆ ನಂಬರಿನ ಮುಂದೆ ಆ ಹೆಸರು ಸಿಗಬಹುದು. ‘ನೀರ’ ಎಂದರೆ ಷಷ್ಠೀಸಮಾಸ, ‘ನೀರು’ ಎಂದರೂ ವ್ಯಾಕರಣಕ್ಕೆ ಕೊರತೆಯಿಲ್ಲ. ಊರಿನ ಬಾಯಲ್ಲಿ ಯಾವುದಿದೆಯೋ ಅದನ್ನೇ ಬರೆಸಿರಿ. ವಾಟರ್‌ಮನ್ ಜೊತೆಗಿನ ಗೊಂದಲದ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಹೊಣೆಯ ಹೆಸರು ಹೊಸ ಹೊಣೆಗೆ ಬಂದಿರುವುದು ಭಾಷೆ ಬದುಕಿದೆ ಎಂಬುದಕ್ಕೆ ಸಾಕ್ಷಿ. ಮಂಡ್ಯದ ನಾಲೆಗಳ ಕಡೆಯ ಫಲಕವಾಗಿದ್ದರೆ ‘ಸೌಡಿ’ ಎಂದು ಬರೆಸಿ ಎನ್ನುತ್ತಿದ್ದೆ, ಏಕೆಂದರೆ ಅಲ್ಲಿ ಅದೇ ಬಳಕೆ.

ಉತ್ತರ:

ಕಟ್ಟಿ ಎಂಬುದು ಗಂಟಿಯಾದ ಬಗೆಗೆ ಒಂದೇ ಒಂದು ಶಾಸನವಾಕ್ಯವನ್ನಾದರೂ ತೋರಿಸದೆ ಹೇಳಿದ್ದು ಊಹೆ ಮಾತ್ರ. ‘ಆಳು’ ಎಂದರೆ ವೀರ ಎಂಬ ಅರ್ಥವೂ ಹಳಗನ್ನಡದಲ್ಲಿದೆ. ‘ನೀರಾಳು’ ಎಂಬ ನನ್ನ ಮೊದಲಿನ ಮಾತಿಗೆ ನಾನು ಬದ್ಧ.

ಉತ್ತರ:

ಹಳಗನ್ನಡದ ಅರ್ಥವನ್ನು ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವವರಿಗೆ ಯಾರು ವಿವರಿಸುತ್ತಾರೆ? ಬಳಕೆಯಲ್ಲಿರುವ ಪದವನ್ನು ತೆಗೆದು ಕಟ್ಟಿದ ಪದವನ್ನು ಇಡುವುದು, ಆ ಕಟ್ಟಿದ ಪದ ಸಂಸ್ಕೃತದ್ದಾಗಲಿ ಅಚ್ಚಗನ್ನಡದ್ದಾಗಲಿ, ಒಂದೇ ಬಗೆಯ ತಪ್ಪು. ನನ್ನ ಕಡೆಯಿಂದ ಚರ್ಚೆ ಇಲ್ಲಿಗೆ ಮುಗಿಯಿತು.

ಮಾನ್ಯರೇ,

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ನಾಡಕಚೇರಿಯಲ್ಲಿ ಹಳೆಯ ಪಹಣಿಯನ್ನು ನೋಡಿದೆವು, ತೂಬಿನ ಕೆಳಗಿನ ಒಂದು ತುಂಡು ಭೂಮಿಯ ಮುಂದೆ ‘ನೀರಗಂಟಿ ಇನಾಮ್ತಿ’ ಎಂದಿದೆ. ಆ ಮನೆತನದ ಅಜ್ಜಿಯೊಬ್ಬರು ಈಗಲೂ ಊರಿನಲ್ಲಿದ್ದಾರೆ. ಅವರಿಗೆ ಮೂರು ಪದಗಳನ್ನೂ ಓದಿ ಹೇಳಿದಾಗ, ‘ನೀರಗಂಟಿ ಅಂತ್ಲೇ ಬರೀರಪ್ಪ, ನಮ್ಮ ಮಾವನ್ನ ಎಲ್ರೂ ಕೂಗ್ತಾ ಇದ್ದದ್ದು ಹಂಗೇ’ ಎಂದರು. ಶುಕ್ರವಾರ ಈ ಸಾಲನ್ನು ಬರೆಸುತ್ತಿದ್ದೇವೆ: ‘ಈ ಕೆರೆಯ ತೂಬನ್ನು ತೆಗೆದು ಮುಚ್ಚಿ, ಅಚ್ಚುಕಟ್ಟಿನ ಎಲ್ಲ ಗದ್ದೆಗಳಿಗೂ ಸರದಿಯಂತೆ ನೀರು ಕಟ್ಟುತ್ತಿದ್ದವರು ನೀರಗಂಟಿಗಳು.’