ಓಡುವ ಹುಡುಗನ ಮೊಣಕಾಲು ನೋವು: ಕೋಚ್ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸಿಂಧನೂರಿನ ಒಬ್ಬ ತಂದೆ): ನಮಸ್ಕಾರ ಮೇಡಂ. ನನ್ನ ಮಗನಿಗೆ 13 ವರ್ಷ, 800 ಮೀಟರ್ ಓಡುತ್ತಾನೆ. ಹೋದ ವರ್ಷ ತಾಲ್ಲೂಕು ಮಟ್ಟದಲ್ಲಿ ಫಸ್ಟ್ ಬಂದಿದ್ದ. ಒಂದೇ ವರ್ಷದಲ್ಲಿ ನಾಲ್ಕು ಇಂಚು ಬೆಳೆದಿದ್ದಾನೆ, ಪ್ಯಾಂಟೆಲ್ಲಾ ಗಿಡ್ಡ ಆಗಿವೆ. ಆದರೆ ಟೈಮಿಂಗ್ ಹಿಂದೆ ಬಿದ್ದಿದೆ. ಮೂರು ತಿಂಗಳಿಂದ ಮೊಣಕಾಲು ನೋವು ಅಂತಾನೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನೆ. ಎಲ್ಲರೂ "ಮೈಗಳ್ಳ ಆಗ್ಯಾನ, ಇನ್ನೆರಡು ರೌಂಡ್ ಜಾಸ್ತಿ ಓಡಸ್ರಿ" ಅಂತಾರೆ. ನಾನೂ ಎರಡು ಸಲ ಬೈದೆ. ಏನು ಮಾಡಲಿ?

ಉತ್ತರ (ಬಳ್ಳಾರಿ, ಅಥ್ಲೆಟಿಕ್ಸ್ ಕೋಚ್): ಅಣ್ಣಾ, ಮೊದಲು ಬೈಯುವುದು ನಿಲ್ಲಿಸಿ. ಅವನ ನೋವು ನಿಜ.

ಇವತ್ತು ಸಂಜೆ ಅವನನ್ನು ಕಟ್ಟೆ ಮೇಲೆ ಕೂರಿಸಿ, ಕಾಲು ಇಳಿಬಿಡಲು ಹೇಳಿ. ಮೊಣಕಾಲ ಚಿಪ್ಪಿನಿಂದ ಎರಡು ಬೆರಳು ಕೆಳಗೆ, ಎಲುಬಿನ ಮೇಲೆ ಒಂದು ಚಿಕ್ಕ ಉಬ್ಬು ಕೈಗೆ ಸಿಗುತ್ತದೆ. ಅಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಅವನು ತಟ್ಟನೆ ಕಾಲು ಎಳೆದುಕೊಂಡರೆ ಇದು ಬಹುತೇಕ ಆಸ್‌ಗುಡ್ ಶ್ಲಾಟರ್. ಹೆಸರು ಕೇಳಿ ಹೆದರಬೇಡಿ. ಓಟ, ಜಿಗಿತ ಜಾಸ್ತಿ ಇರುವ ಮಕ್ಕಳಲ್ಲಿ ತೀರಾ ಸಾಮಾನ್ಯ. ಹುಡುಗರಿಗೆ 12ರಿಂದ 15 ವರ್ಷದೊಳಗೆ, ಹುಡುಗಿಯರಿಗೆ ಒಂದೆರಡು ವರ್ಷ ಮೊದಲೇ ಬರುತ್ತದೆ.

ಒಳಗೆ ಆಗುವುದು ಇಷ್ಟು. ತೊಡೆಯ ಮುಂದಿನ ದೊಡ್ಡ ಸ್ನಾಯು ಚಿಪ್ಪನ್ನು ದಾಟಿ ಬಂದು ಆ ಉಬ್ಬಿಗೇ ಅಂಟಿಕೊಂಡಿರುತ್ತದೆ. ನಮಗೆ ನಿಮಗೆ ಆ ಜಾಗ ಗಟ್ಟಿ ಎಲುಬು. ಬೆಳೆಯುವ ಹುಡುಗನಿಗೆ ಅದು ಇನ್ನೂ ಮೆತ್ತಗೆ. ಎಲುಬು ಭರಭರ ಉದ್ದ ಆಗುತ್ತದೆ, ಸ್ನಾಯು ಅದರ ಹಿಂದೆ ಓಡಲಾರದೆ ಬಿಗಿದುಕೊಳ್ಳುತ್ತದೆ. ಆಮೇಲೆ ಪ್ರತಿ ಹೆಜ್ಜೆಗೂ ಆ ಮೆತ್ತನೆ ಜಾಗವನ್ನು ಜಗ್ಗುತ್ತದೆ. ಅಂಥ ಕಾಲಿಗೆ ಇನ್ನೆರಡು ರೌಂಡ್ ಅಂದರೆ ಇನ್ನೂ ನೂರಾರು ಸಲ ಜಗ್ಗಿದ ಹಾಗೆ.

ಟೈಮಿಂಗ್ ಹಿಂದೆ ಬಿದ್ದದ್ದೂ ಇದಕ್ಕೇ. ಈ ವಯಸ್ಸಿನಲ್ಲಿ ಮೊದಲು ಕಾಲು ಉದ್ದ ಆಗುತ್ತವೆ, ಸೊಂಟದ ಮೇಲಿನ ಮೈ ಆಮೇಲೆ. ಹೋದ ವರ್ಷ ಕಲಿತ ಹೆಜ್ಜೆ ಈ ವರ್ಷದ ಕಾಲಿಗೆ ಕೂರುವುದಿಲ್ಲ. ಕೆಲವು ತಿಂಗಳಲ್ಲಿ ಮೈ ಹೊಸ ಅಳತೆಗೆ ಹೊಂದಿಕೊಳ್ಳುತ್ತದೆ. ಅಲ್ಲಿಯವರೆಗೆ ಸ್ಟಾಪ್‌ವಾಚ್ ಕಪಾಟಿನಲ್ಲಿ ಇಡಿ.

ಓಟ ಪೂರ್ತಿ ಬಿಡಿಸಬೇಕಾಗಿಲ್ಲ. ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಅಂತ ಅವನನ್ನೇ ಕೇಳಿ. ಮೂರರೊಳಗಿದ್ದು, ಮರುದಿನ ಬೆಳಿಗ್ಗೆ ಏಳುವಷ್ಟರಲ್ಲಿ ಇಳಿದಿದ್ದರೆ ಆ ಓಟ ಪರವಾಗಿಲ್ಲ. ನಾಲ್ಕೈದಕ್ಕೆ ಹೋದರೆ ಅರ್ಧ ಮಾಡಿ. ಅದಕ್ಕೂ ಮೇಲಾದರೆ ಆ ವಾರ ಓಟ ಬೇಡ, ಸೈಕಲ್ ಸಾಕು. ಕಪ್ಪೆ ಜಿಗಿತ, ಮೆಟ್ಟಿಲು ಓಟ, ಡಾಂಬರು ರಸ್ತೆ ಓಟ ಸದ್ಯ ಬಂದ್. ಓಡಿದ ಮೇಲೆ ಬಟ್ಟೆಯಲ್ಲಿ ಐಸ್ ಸುತ್ತಿ ಹತ್ತು ನಿಮಿಷ ಇಡಿ. ಗೋಡೆಗೆ ಬೆನ್ನು ಕೊಟ್ಟು, ನೋವಾಗದಷ್ಟು ಮಾತ್ರ ಕೆಳಗೆ ಜಾರಿ, ಮೂವತ್ತು ಸೆಕೆಂಡ್ ನಿಲ್ಲಿಸಿ. ದಿನಕ್ಕೆ ನಾಲ್ಕು ಸಲ. ತೊಡೆಯ ಮುಂದೆ, ಹಿಂದೆ ಎರಡೂ ಕಡೆ ಸ್ಟ್ರೆಚಿಂಗ್ ಬೇಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರಾತ್ರಿ ನೋವಿಗೆ ಎಚ್ಚರ ಆಗುವುದು, ಮೊಣಕಾಲು ಪೂರ್ತಿ ಊದುವುದು, ಜ್ವರ, ಕಾಲು ಮಡಚಿದಲ್ಲೇ ಸಿಕ್ಕಿಕೊಳ್ಳುವುದು, ಕುಂಟುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಎಲುಬಿನ ಡಾಕ್ಟರ್ ಹತ್ತಿರ ಹೋಗಿ. ಸೊಂಟದ ಕೀಲಿನ ತೊಂದರೆ ಕೆಲವು ಮಕ್ಕಳಿಗೆ ಮೊಣಕಾಲು ನೋವಾಗಿಯೇ ಗೊತ್ತಾಗುತ್ತದೆ. ಅದು ಕಾಯುವ ಕಾಯಿಲೆ ಅಲ್ಲ.

ಇಷ್ಟು ಉದ್ದ ಬರೆಯಲು ಕಾರಣ ಇದೆ. ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಮೊಣಕಾಲ ಕೆಳಗಿನ ಎಲುಬು ನೋಯುತ್ತಿತ್ತು. ಹೇಳಿದೆ. "ಮೀಟ್ ಮುಗಿಯಲಿ" ಅಂದರು. ಓಡಿದೆ, ಮೆಡಲ್ ಬಂತು. ಎಕ್ಸ್‌ರೇಯಲ್ಲಿ ಕೂದಲೆಳೆಯಷ್ಟು ಬಿರುಕೂ ಬಂತು. ಮುಂದಿನ ವರ್ಷ ಪೂರ್ತಿ ನಾನು ಮೈದಾನದ ಅಂಚಿನಲ್ಲಿ ಗೆಳತಿಯರ ಚಪ್ಪಲಿ ಕಾಯುತ್ತಾ ಕೂತಿದ್ದೆ. ಇನ್ನೊಂದು ಮಗು ಹಾಗೆ ಕೂರುವುದು ನನಗೆ ಬೇಡ.

ಪ್ರಶ್ನೆ (ಲಿಂಗಸುಗೂರಿನ ಪಿ.ಟಿ. ಮಾಸ್ತರ್): ಮೇಡಂ, ಮೇ ತಿಂಗಳಲ್ಲಿ ಬೇಸಿಗೆ ಶಿಬಿರ ಇದೆ. 40 ಮಕ್ಕಳು, 10ರಿಂದ 15 ವಯಸ್ಸು. ಸಂಜೆ ನಾಲ್ಕಕ್ಕೆ ಶುರು ಮಾಡೋಣ ಅಂತಿದ್ದೇವೆ. ದಿನಕ್ಕೆ ಎಷ್ಟು ಹೊತ್ತು?

ಉತ್ತರ: ಸರ್, ನಾಲ್ಕು ಗಂಟೆ ಬೇಡವೇ ಬೇಡ. ರಾಯಚೂರು ಜಿಲ್ಲೆಯ ಮೇ ತಿಂಗಳು ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟಿರುತ್ತದೆ. ಸಂಜೆಗೂ ನೆಲ ಕಾವು ಬಿಟ್ಟಿರುವುದಿಲ್ಲ. ಬೆಳಿಗ್ಗೆ 5.30ರಿಂದ 7ರೊಳಗೆ ಮುಗಿಸಿ. ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅದಕ್ಕೆ ಮೊದಲ ವಾರ ಬರೀ ಆಟ, ನಿಧಾನ ಓಟ.

ಹೊತ್ತಿನ ಬಗ್ಗೆ ಒಂದು ಸುಲಭ ಲೆಕ್ಕ ಇದೆ. ವಾರದ ಒಟ್ಟು ತರಬೇತಿ ಗಂಟೆ ಮಗುವಿನ ವಯಸ್ಸನ್ನು ದಾಟಬಾರದು. ಹತ್ತು ವರ್ಷದವನಿಗೆ ಹತ್ತು ಗಂಟೆಯೇ ಮೇಲಿನ ಮಿತಿ. ಶಾಲೆಯ ಆಟ, ಓಣಿಯ ಕಬಡ್ಡಿ ಟೀಮಿನ ಪ್ರಾಕ್ಟೀಸ್ ಎಲ್ಲ ಸೇರಿ. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಕೊಡಿ.

ಮಜ್ಜಿಗೆಗೆ ಉಪ್ಪು ಹಾಕಿ ಕೊಡ ತುಂಬಿ ಇಡಿ. ಬಾಯಾರಿಕೆ ಆಗಲಿ ಅಂತ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲರನ್ನೂ ಕರೆಯಿರಿ. ಯಾವುದಾದರೂ ಮಗು ತಡವರಿಸಿ ಮಾತಾಡಿದರೆ, ತೂರಾಡಿದರೆ ಕೂಡಲೇ ನೆರಳಿಗೆ ಒಯ್ದು ಮೈ ಮೇಲೆ ನೀರು ಸುರಿಯಿರಿ, ಗಾಳಿ ಹಾಕಿ. ಒಬ್ಬರು ಆಂಬುಲೆನ್ಸ್‌ಗೆ 108ಕ್ಕೆ ಫೋನ್ ಮಾಡಲಿ. ಗಾಡಿ ಬರುವವರೆಗೂ ನೀರು ಹಾಕುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ (ಕೊಪ್ಪಳದ ಒಬ್ಬ ತಾಯಿ): ಅಕ್ಕಾ, ಮಗಳಿಗೆ 14, ಕಬಡ್ಡಿ ಆಡುತ್ತಾಳೆ. ಈಗೀಗ ಎರಡು ರೇಡ್‌ಗೇ ಏದುಸಿರು ಬಿಡುತ್ತಾಳೆ. ಪ್ರೋಟೀನ್ ಪೌಡರ್ ಕೊಡಲಾ?

ಉತ್ತರ: ಪೌಡರ್ ದುಡ್ಡು ಉಳಿಸಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ, ಔಷಧ ಡಾಕ್ಟರ್ ಹೇಳುತ್ತಾರೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಗುಳಿಗೆ ಕೊಡುತ್ತಾರಲ್ವಾ, ಅದು ಕಬ್ಬಿಣದ ಗುಳಿಗೆ. ನುಂಗುತ್ತಿದ್ದಾಳಾ, ಕಿಟಕಿಯಿಂದ ಎಸೆಯುತ್ತಿದ್ದಾಳಾ ಅಂತ ಪ್ರೀತಿಯಿಂದ ಕೇಳಿ. ಬಹಳ ಹುಡುಗಿಯರು ಹೊಟ್ಟೆ ತೊಳಸುತ್ತದೆ ಅಂತ ಎಸೆಯುತ್ತಾರೆ. ಊಟ ಆದ ಮೇಲೆ ನುಂಗಿದರೆ ಅಷ್ಟು ತೊಳಸುವುದಿಲ್ಲ.

ನಮ್ಮ ಊಟದಲ್ಲೇ ಬೇಕಾದಷ್ಟಿದೆ. ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ, ಮೊಟ್ಟೆ ತಿಂದರೆ ಅದೂ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆ ಚಹಾ ಮಾತ್ರ ಬೇಡ, ಒಂದು ತಾಸು ಬಿಡಿ. ಮುಟ್ಟು ಮೂರು ತಿಂಗಳು ನಿಂತಿದ್ದರೆ "ಆಟ ಆಡೋರಿಗೆ ಹಂಗೇ" ಅಂತ ಬಿಡಬೇಡಿ. ಆಡುವಷ್ಟು ತಿನ್ನುತ್ತಿಲ್ಲ ಅನ್ನುವುದರ ಗುರುತು ಅದಾಗಿರಬಹುದು. ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಸಂಡೂರಿನ ಹುಡುಗ, 16 ವರ್ಷ): ಮೇಡಂ, ನಾನು ಜಾವೆಲಿನ್. 800 ಗ್ರಾಂನದ್ದೇ ದಿನಾ ಎಸೆಯುತ್ತೇನೆ. ಮೊಣಕೈ ಒಳಗಡೆ ನೋವು.

ಉತ್ತರ: ತಮ್ಮಾ, ನಿನ್ನ ವಯಸ್ಸಿಗೆ 700 ಗ್ರಾಂ. 18ರೊಳಗಿನ ಹುಡುಗರಿಗೆ ನಿಯಮವೇ ಅದು. ನೀರಜ್ ಚೋಪ್ರಾ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 87.58 ಮೀಟರ್ ಎಸೆದಾಗ ವಯಸ್ಸು 23. ನಿನಗೆ ಇನ್ನೂ ಏಳು ವರ್ಷ ಟೈಮ್ ಇದೆ. ಎರಡು ವಾರ ಎಸೆತ ನಿಲ್ಲಿಸು. ನೋವು ಹೋಗದಿದ್ದರೆ ಮನೆಯವರ ಜೊತೆ ಡಾಕ್ಟರ್ ಹತ್ತಿರ ಹೋಗು. ನೋವು ಹೋದರೆ ವಾರಕ್ಕೆ ಎರಡೇ ದಿನ ಎಸೆ. ಉಳಿದ ದಿನ ಸೊಂಟ, ಹೊಟ್ಟೆ, ಭುಜ ಗಟ್ಟಿ ಮಾಡು.

ಸಿಂಧನೂರಿನ ತಂದೆ: ಮೇಡಂ, ಒತ್ತಿ ನೋಡಿದೆ. ಬಲಗಾಲು ಪರವಾಗಿಲ್ಲ, ಎಡಗಾಲು ಮುಟ್ಟಿದ ಕೂಡಲೇ ಎಳೆದುಕೊಂಡ. ಮಾರ್ಕ್ಸ್ ಕೇಳಿದರೆ "ಆರು" ಅಂದ. ಮೂರು ತಿಂಗಳಿಂದ ಆರು ಇಟ್ಟುಕೊಂಡೇ ಓಡಿದ್ದಾನೆ ಮೇಡಂ. ಕುಂಟುವುದು, ಊತ ಏನೂ ಇಲ್ಲ.

ಉತ್ತರ: ಹಾಗಾದರೆ ಈ ವಾರ ಓಟ ಇಲ್ಲ. ಸೈಕಲ್ ಸೀಟು ಸ್ವಲ್ಪ ಎತ್ತರಿಸಿ ಕೊಡಿ, ಮೊಣಕಾಲು ಜಾಸ್ತಿ ಮಡಚಬಾರದು. ಬಾಗಿಲ ಚೌಕಟ್ಟಿಗೆ ಅವನನ್ನು ನಿಲ್ಲಿಸಿ ಪೆನ್ಸಿಲ್‌ನಿಂದ ಎತ್ತರದ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳಿಗೊಮ್ಮೆ, ಬೆಳಿಗ್ಗೆಯೇ ಅಳೆಯಿರಿ. ಗೆರೆಗಳ ನಡುವಿನ ಅಂತರ ಕಡಿಮೆ ಆಗುತ್ತಾ ಬಂದಾಗ ತರಬೇತಿ ಏರಿಸೋಣ. ಭಾನುವಾರ ಮತ್ತೆ ಮಾರ್ಕ್ಸ್ ಕೇಳಿ ಇಲ್ಲಿ ಹಾಕಿ, ನಾನು ನೋಡುತ್ತಿರುತ್ತೇನೆ.