ಸಹಾಯ ಬೇಕು: ಓದು ಬಾರದ ಹೆಂಗಸರಿಗೆ ವಿಟಮಿನ್ ಡಿ ಚಿತ್ರಚೀಟಿ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಚಿತ್ರ ಬರೆಯುವವರು ಯಾರಾದರೂ ಇದ್ದೀರಾ? ಮಾತ್ರೆ ಕವರಿನ ಮೇಲೆ ಅಂಟಿಸಲು ಅಂಗೈ ಅಗಲದ ಚೀಟಿ ಬೇಕು.

ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರು ಸಾಮಾನ್ಯವಾಗಿ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲನ್ನು ವಾರಕ್ಕೊಂದರಂತೆ 8 ವಾರ ಬರೆದುಕೊಡುತ್ತಾರೆ. ಉಳಿದ ಮಾತ್ರೆಗಳ ಜೊತೆ ಇದನ್ನೂ ದಿನಾ ನುಂಗಿಬಿಟ್ಟರೆ ಅಪಾಯ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಹೆಚ್ಚಾದದ್ದು ಮೂತ್ರದಲ್ಲಿ ಹೋಗದೆ ಮೈಯಲ್ಲೇ ಉಳಿಯುತ್ತದೆ. ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ ಶುರುವಾಗುತ್ತದೆ, ಕಿಡ್ನಿಗೂ ಪೆಟ್ಟು ಬೀಳಬಹುದು.

ಚೀಟಿಯಲ್ಲಿ 8 ಚೌಕದ ಮನೆಗಳಿರಲಿ, ಭಾನುವಾರಕ್ಕೊಂದು. ತೆಗೆದುಕೊಂಡ ಮೇಲೆ ಒಂದು ಗೀಟು ಎಳೆದರಾಯಿತು. ಪಕ್ಕದಲ್ಲಿ ಊಟದ ತಟ್ಟೆ, ಹಾಲಿನ ಲೋಟ ಬರೆಯಿರಿ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಗರ್ಭಿಣಿಯರಿಗೆ ಇನ್ನೊಂದು ಚಿತ್ರ: ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ 2 ಗಂಟೆ ಅಂತರ.

ಹಿಂಬದಿಗೆ, ಕುಕ್ಕರಗಾಲಿನಿಂದ ಏಳಲು ಗೋಡೆ ಹಿಡಿಯುತ್ತಿರುವ ಹೆಂಗಸಿನ ಚಿತ್ರ ಬೇಕೇ ಬೇಕು. ವಿಟಮಿನ್ ಡಿ ಕಡಿಮೆಯಾದರೆ ತೊಡೆಯ ಸ್ನಾಯು ಸೋತು ಹೀಗಾಗುವುದುಂಟು. ಎಷ್ಟೋ ಮನೆಗಳಲ್ಲಿ ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ, ಪರೀಕ್ಷೆಯನ್ನೇ ಮಾಡಿಸುವುದಿಲ್ಲ.

ಬಣ್ಣ ಬೇಡ, ದಪ್ಪ ಕಪ್ಪು ಗೆರೆ ಸಾಕು. ಜೆರಾಕ್ಸ್‌ನಲ್ಲೂ ಸ್ಪಷ್ಟವಾಗಿ ಬರಬೇಕು. ಬರೆದವರು ದಯವಿಟ್ಟು ಇಲ್ಲೇ ಹಾಕಿ.